ಗೋಡೆಯಾಚೆಯ ಬಕೆಟ್ಟು

ಆ ಕುದುರೆ ಮರಿಯ ಮೈಮೇಲೆ ಗಾಯವಿಲ್ಲದ ಜಾಗ ಹುಡುಕಬೇಕಿತ್ತು. ಮೊಣಕಾಲಿಗೆ ಹೊಲಿಗೆ, ಕಿವಿಗೆ ಮುಲಾಮು. ಬೇಲಿ ಹಾರಲು ಹೋಗಿ ಬೇಲಿಯನ್ನೇ ಕೊರಳಿಗೆ ಹಾಕಿಕೊಂಡು ಬಂದ ಪುಣ್ಯಾತ್ಮ ಅದು! ತರಲೆ ಅಂತಲೇ ಹೆಸರಾಗಿಹೋಗಿತ್ತು. ಅಪ್ಪ ತೀರಿಕೊಂಡ ಮೇಲೆ ಲಾಯ ಪಾಲಾದಾಗ ಅಣ್ಣ ಒಳ್ಳೆಯ ಕುದುರೆಗಳನ್ನೆಲ್ಲ ಬಾಚಿಕೊಂಡು, ತಂಗಿಯ ಕೈಗೆ ಈ ಮರಿಯ ಹಗ್ಗ ಕೊಟ್ಟಿದ್ದ. "ನಿನಗಿದೇ ಸರಿ ಕಣೇ, ಇಬ್ಬರಿಗೂ ನೆಟ್ಟಗೆ ನಿಲ್ಲೋಕೆ ಬರಲ್ಲ" ಅಂತ ಎಲ್ಲರೆದುರು ಹಲ್ಲು ಕಿರಿದಿದ್ದ. ಅವತ್ತಿನಿಂದ ಅವಳಿಗೆ ಅವನ ಮುಖ ಕಂಡರೆ ಮೈ ಉರಿ.

ಮಧ್ಯೆ ಒಂದು ಗೋಡೆ, ಅದರಲ್ಲೊಂದು ಬಾಗಿಲು. ಆಚೆ ಅಣ್ಣ, ಈಚೆ ಅವಳು. ತರಲೆ ದಿನ ಬಿಟ್ಟು ದಿನ ಓಡುತ್ತಿತ್ತು. ಅಗುಳಿ ಹಾಕಿದರೆ ಹಲ್ಲಲ್ಲಿ ತೆಗೆಯುತ್ತಿತ್ತು, ಸರಪಳಿ ಬಿಗಿದರೆ ಕದವನ್ನೇ ಒದೆಯುತ್ತಿತ್ತು. ಅದು ಬೀದಿಗೆ ನುಗ್ಗಿ ಬ್ರೆಡ್ಡಿನ ಗಾಡಿಗೆ ಗುದ್ದಿದ ಮೇಲೆ, ಪಾಲು ಮಾಡಿಕೊಟ್ಟ ಚಿಕ್ಕಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟರು: "ಇನ್ನೊಂದು ಸಲ ಬೀದಿಗೆ ಬಂತೋ, ನಿನ್ನ ಲಾಯಾನೂ ಅವನಿಗೇ ಸೇರುತ್ತೆ."

ಮರುದಿನ ಬೆಳಗ್ಗೆ ಅವಳು ಕಾದು ಕೂತಳು. ಗೋಡೆಯಾಚೆ ಢಣ್ ಢಣ್ ಅಂತ ಸದ್ದು. ತರಲೆಯ ಕಿವಿ ನಿಮಿರಿತು, ಎದೆಯಿಂದ ಕದ ಗುದ್ದತೊಡಗಿತು. ಅವಳು ಹುಲ್ಲಿನ ಕಟ್ಟು ಹತ್ತಿ ಇಣುಕಿದಳು. ಅಣ್ಣ ಖಾಲಿ ಬಕೆಟ್ಟು ಬಡಿಯುತ್ತಿದ್ದ! ಕಾಳು ಹಾಕುವ ಮುಂಚೆ ಅಪ್ಪ ಬಕೆಟ್ಟು ಬಡಿಯುತ್ತಿದ್ದರು; ಈ ಲಾಯದಲ್ಲಿ ಹುಟ್ಟಿದ ಯಾವ ಕುದುರೆಗೂ ಆ ಸದ್ದು ಕೇಳಿದರೆ ಕಾಲು ನಿಲ್ಲದು. ಅಣ್ಣನ ಕುದುರೆಗಳೂ ಓಡಿ ಬಂದವು, ಬಕೆಟ್ಟಿಗೆ ಮೂತಿ ಹಾಕಿ ನೋಡಿ, ಮುಖ ತಿರುಗಿಸಿಕೊಂಡು ಹೋದವು.

"ಅಯ್ಯೋ ಪಾಪಿ! ಮರಿ ಕಾಲು ಮುರ್ಕೊಂಡು ಸತ್ತರೂ ಚಿಂತೆಯಿಲ್ಲ, ಲಾಯ ಸಿಕ್ಕರೆ ಸಾಕು ಇವನಿಗೆ."

ಚಿಕ್ಕಪ್ಪನ ಹತ್ತಿರ ಹೋಗಿ ಅಳಬಹುದಿತ್ತು. ಅತ್ತರೆ ಸೇಡು ತೀರುತ್ತದೆಯೇ? ಅಂದಿನಿಂದ ಅವನು ಬಡಿಯುವ ಹೊತ್ತಿಗೇ ಅವಳು ತರಲೆಯ ಮೂತಿಗೆ ಕಾಳು ಹಿಡಿದಳು. ಬಾಯಿಗೆ ಬಂದದ್ದನ್ನು ಬಿಟ್ಟು ಓಡಲು ಅದೇನು ಪೆದ್ದೇ? ಆಚೆ ಅಣ್ಣ ರೊಚ್ಚಿಗೆದ್ದು ಇನ್ನೂ ಜೋರಾಗಿ ಬಡಿದ. ಅವನ ಕುದುರೆಗಳು ತಲೆಯೆತ್ತುವುದನ್ನೇ ಬಿಟ್ಟವು. ಅವಳು ಹುಲ್ಲಿನ ಕಟ್ಟಿನ ಮೇಲಿಂದ ಅದನ್ನೆಲ್ಲ ನೋಡಿಟ್ಟುಕೊಂಡಳು.

ಸವಾರಿ ಶಾಲೆಯ ಯಜಮಾನತಿ ಅಣ್ಣನ ಕುದುರೆಗಳನ್ನು ಕೊಳ್ಳಲು ಬಂದ ದಿನ ಚಿಕ್ಕಪ್ಪನೂ ಬಂದಿದ್ದರು. ಅಣ್ಣ ಕುದುರೆಗಳನ್ನೆಲ್ಲ ಅಂಗಳಕ್ಕೆ ಬಿಟ್ಟು ಎದೆಯುಬ್ಬಿಸಿದ್ದ: "ಕರೆದರೆ ಸಾಕಮ್ಮಾ, ಮಕ್ಕಳ ಹಾಗೆ ಬರ್ತವೆ."

ಅವಳು ಗೋಡೆಯ ಬಾಗಿಲು ತೆರೆದು, ತನ್ನ ತೊಟ್ಟಿಗೆ ಗಳಗಳನೆ ಕಾಳು ಸುರಿದಳು. ಒಂದರ ಹಿಂದೊಂದು ಎಲ್ಲವೂ ಈಚೆ ಬಂದು ತರಲೆಯ ಪಕ್ಕ ಮೂತಿ ಇಟ್ಟವು. ಅಣ್ಣ ಬಕೆಟ್ಟು ಬಡಿದ. ಒಂದೂ ತಿರುಗಿ ನೋಡಲಿಲ್ಲ. ಅವಳ ಹೊಟ್ಟೆ ತಣ್ಣಗಾಯಿತು.

"ಕುದುರೆ ಯಾರವು ಅಂತ ಮೊದಲು ಇತ್ಯರ್ಥ ಮಾಡ್ಕೊಳ್ಳಿ" ಎಂದು ಯಜಮಾನತಿ ಕಾರು ಹತ್ತಿದರು.

ಅಣ್ಣ ಹಗ್ಗ ಹಿಡಿದು ಓಡಿ ಬಂದ. ದನಿ ಬೆಣ್ಣೆಯಾಗಿತ್ತು. "ಒಂದು ಹಿಡಿ ಕಾಳು ಕೊಡೇ ತಾಯಿ, ಕರ್ಕೊಂಡು ಹೋಗ್ತೀನಿ. ಇನ್ನೂ ಅವರನ್ನ ತಡೀಬಹುದು."

"ಕಾಳು ಯಾಕಣ್ಣಾ? ತರಲೆ ಕದ ಮುರೀಲಿ ಅಂತ ದಿನಾ ಬೆಳಗ್ಗೆ ಖಾಲಿ ಬಕೆಟ್ಟೇ ಬಡೀತಿದ್ದೆಯಲ್ಲ. ಹಾಗೇ ಬಡಿ. ಚಿಕ್ಕಪ್ಪನೂ ಕೇಳಿಸ್ಕೊಳ್ಳಲಿ."

ಚಿಕ್ಕಪ್ಪ ಮೆಲ್ಲಗೆ ಅಣ್ಣನ ಕಡೆ ತಿರುಗಿದರು. "ದಿನಾ ಬೆಳಗ್ಗೇನಾ?"