ಒಂಬತ್ತನೆಯ ಪ್ರಶ್ನೆ

ದೇಶಗಳಿಗೆ ಅಂಕ ಹಾಕುವುದು ನನ್ನ ಕೆಲಸ. ಕಾನೂನು, ಕಚೇರಿ, ಆಸ್ಪತ್ರೆಗಳನ್ನೆಲ್ಲ ನೋಡಿ ಒಂದರಿಂದ ಆರರೊಳಗೆ ಅಂಕ ಕೊಡಬೇಕು. ದೇಶದ ಅಂಕ ಇಳಿದರೆ ಹೊರಗಿನ ನೆರವು ಇಳಿಯುತ್ತದೆ. ಚಿಕಿತ್ಸಾಲಯಕ್ಕೆ ಯಾವ ಒಂದು ಪ್ರಶ್ನೆಯಲ್ಲಾದರೂ ಮೂರಕ್ಕಿಂತ ಕಡಿಮೆ ಬಂದರೆ ಅಲ್ಲಿಗೆ ಔಷಧಿಯೇ ಬಂದ್. ಈ ಸಲ ನಮ್ಮ ದೇಶದ ಸರದಿ. ಚೀಟಿ ಎತ್ತಿ ಆರಿಸಿದ ಎರಡು ಚಿಕಿತ್ಸಾಲಯಗಳಲ್ಲಿ ಒಂದು ನನ್ನ ಅಕ್ಕ ನರ್ಸ್ ಆಗಿರುವುದೇ ಬರಬೇಕೆ! ಬೇರೆಯವರನ್ನು ಕಳಿಸಿ ಎಂದು ಸಾಹೇಬರಿಗೆ ಹೇಳಿದೆ.

"ಅಂಕ ಹಾಕೋದು ನೀನಲ್ಲಪ್ಪ, ಫಾರಂ. ಹೋಗಿ ಬಾ," ಎಂದರು.

ಮೊದಲನೆಯದಕ್ಕೆ ಬೀಗ ಬಿದ್ದು ಎಷ್ಟು ಕಾಲವಾಗಿತ್ತೋ. ಕಿಟಕಿಯಿಂದ ಇಣುಕಿದೆ. ಧೂಳು ಹಿಡಿದ ಕುರ್ಚಿ, ಗಾಜಿನ ಬೀರುವಿನಲ್ಲಿ ಹೊಚ್ಚಹೊಸ ಆರೋಗ್ಯ ನೀತಿ ಪುಸ್ತಕ. ಒಂಬತ್ತನೆಯ ಪ್ರಶ್ನೆ: 'ಲಿಖಿತ ನೀತಿ ಸ್ಥಳದಲ್ಲಿದೆಯೇ? ಫೋಟೊ ಲಗತ್ತಿಸಿ.' ಲಗತ್ತಿಸಿದೆ. ಐದು ಅಂಕ. ಬಾಗಿಲು ತೆರೆದಿದೆಯೇ ಎಂದು ಫಾರಂ ಎಲ್ಲೂ ಕೇಳಿರಲಿಲ್ಲ.

ಅಕ್ಕನ ಚಿಕಿತ್ಸಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳು ಮಗುವೊಂದರ ಜ್ವರ ನೋಡುತ್ತಿದ್ದಳು.

"ನೀತಿ ಪುಸ್ತಕ ಎಲ್ಲಿ ಅಕ್ಕಾ?"

"ಅದರ ಹಾಳೇಲೇ ಮಾತ್ರೆ ಕಟ್ಟಿ ಕೊಟ್ಟುಬಿಟ್ಟೆ ಕಣೋ. ಮಾತ್ರೆ ಕವರ್ ಬರದೆ ಏಳು ತಿಂಗಳಾಯ್ತು. ಬರಿಗೈಲಿ ಕೊಟ್ರೆ ದಾರೀಲೇ ಬೀಳಿಸ್ಕೋತಾರೆ. ಒಳ್ಳೆ ದಪ್ಪ ಕಾಗದ."

"ಎಂಬತ್ನಾಲ್ಕು ಪುಟಾನೂ?"

"ರಟ್ಟು ಉಳಿದಿದೆ, ಬೇಕಾ?"

ನಗು ಬಂತು, ಮರುಕ್ಷಣವೇ ಒಂಬತ್ತನೆಯ ಪ್ರಶ್ನೆ ನೆನಪಾಯಿತು. ರಟ್ಟಿನ ಫೋಟೊ ಕಳಿಸಿ ಸಾಹೇಬರಿಗೆ ಫೋನ್ ಮಾಡಿದೆ.

"ರಟ್ಟು ನೀತಿ ಅಲ್ಲಪ್ಪ. ಒಂದು ಹಾಕು."

"ಸಾರ್, ಇಲ್ಲಿ ಬೆಳಗಿಂದ ಜನ ಸಾಲು ನಿಂತಿದ್ದಾರೆ."

"ಜನಕ್ಕೆ ಕಾಲಂ ಇದೆಯಾ?"

ಇರಲಿಲ್ಲ. ಇನ್ನೊಂದು ಪ್ರತಿ ತರಿಸಲು ನಾಲ್ಕು ದಿನ ಬೇಕು, ಫಾರಂ ಸಂಜೆಯೊಳಗೆ ಹೋಗಬೇಕು. ಆ ಇನ್ನೊಂದು ಚಿಕಿತ್ಸಾಲಯದ ಪುಸ್ತಕವನ್ನೇ ತಂದುಬಿಡೋಣವೆಂದರೆ ಅದಕ್ಕೆ ಬೀಗ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಎಷ್ಟು ಜನರನ್ನು ಆಡಿಕೊಂಡಿದ್ದೆ! ಆವತ್ತು ಆ ಪೂಜಾರಿ ನಾನೇ ಆಗಿದ್ದೆ. ಅಕ್ಕನ ಮೇಜಿನ ಮೂಲೆಯಲ್ಲೇ ಕೂತು 'ಒಂದು' ಎಂದು ಬರೆದು ಕಳಿಸಿದೆ.

"ನಮಗೆಷ್ಟು ಬಂತೋ?" ಎಂದಳು.

ಫೋನಿನಲ್ಲಿದ್ದ ಫಾರಂ ಅವಳತ್ತ ತಿರುಗಿಸಿದೆ. ಅವಳು ಆ ಅಂಕ ನೋಡಿದಳು. ಆಮೇಲೆ ರಟ್ಟನ್ನು ಎರಡಾಗಿ ಹರಿದು, ಒಂದು ಚೂರಿನಲ್ಲಿ ಅಮ್ಮನ ಬಿಪಿ ಮಾತ್ರೆ ಮಡಿಸಿ ನನ್ನ ಜೇಬಿಗಿಟ್ಟಳು.

"ಈ ತಿಂಗಳಿಗಾಗುತ್ತೆ. ಮುಂದಿನ ತಿಂಗಳು ಅಮ್ಮ ಕೇಳಿದ್ರೆ ನೀನೇ ಉತ್ತರ ಹೇಳು," ಎಂದು ಮುಂದಿನವರನ್ನು ಕರೆದಳು.