ಗುಂಪಿನ ಪಾತ್ರಕ್ಕೆ ಜನವಿಲ್ಲ

ಎಲ್ಲಿಗೂ ಹೋಗಬೇಡಿ, ಒಂದು ನಿಮಿಷ ಕೂತು ಇದನ್ನು ಪೂರ್ತಿ ಕೇಳಿಬಿಡಿ.

ಚರ್ಚಿನ ಹಿಂದಿನ ಕೋಣೆಯಲ್ಲಿ ಮೇಕಪ್ ಹುಡುಗಿ ಮೇಣ ಹಿಸುಕುತ್ತಿದ್ದಳು. ಯೇಸುವಿನ ಕೊನೆಯ ದಿನಗಳ ನಾಟಕ. ನಿರ್ದೇಶಕ ಅವಳ ಸೋದರಮಾವ, ಯೇಸು ಮಾವನ ಮಗ. ಬೇರೆ ಯಾರೂ ಸಿಗಲಿಲ್ಲವೆಂದು ಮಾವ ಹೇಳಿದ್ದ; ಅವನು ಹುಡುಕಿದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ.

"ಯಾಜಕರಿಗೂ, ಯೇಸುನ ಕೊಲ್ಲು ಅಂತ ಕೂಗೋ ಗುಂಪಿಗೂ ಉದ್ದ ಮೂಗು ಅಂಟಿಸಮ್ಮ, ಕೊಕ್ಕೆ ಥರ. ನೋಡಿದ ತಕ್ಷಣ ಯೆಹೂದ್ಯರು ಅಂತ ಗೊತ್ತಾಗ್ಬೇಕು," ಎಂದ ಮಾವ.

ಹುಡುಗಿಯ ಕೈ ನಿಂತಿತು. ವಾರವಿಡೀ ಅವಳು ಕೆಲಸ ಮಾಡುವುದು ಪಕ್ಕದ ಬೀದಿಯ ಕನ್ನಡಕದಂಗಡಿಯಲ್ಲಿ. ಅಂಗಡಿಯ ತಾತ ಯೆಹೂದ್ಯರು. ನಾಟಕಕ್ಕೆ ಬನ್ನಿ ಎಂದು ಬಾಯ್ತುಂಬ ಕರೆದವಳು ಅವಳೇ. ಈ ಮೂಗುಗಳನ್ನು ತೋರಿಸಿದ ಮೇಲೆ ಸೋಮವಾರ ಅವರಿಗೆ ಯಾವ ಮುಖ ತೋರಿಸುವುದು?

"ಹಾಗಾದ್ರೆ ಯೇಸುಗೂ ಅಂಟಿಸ್ತೀನಿ ಮಾವ. ಅವರಮ್ಮಂಗೂ, ಶಿಷ್ಯರಿಗೂ. ಎಲ್ಲಾ ಯೆಹೂದ್ಯರೇ ತಾನೇ?"

"ಥೂ! ನನ್ನ ಮಗನ ಮುಖಕ್ಕೆ ಅದನ್ನ ಮೆತ್ತುತೀಯಾ? ದೇವರಿಗೆ ಅವಮಾನ ಕಣೇ!"

"ದೇವರಿಗೆ ಅವಮಾನ, ದೇವರ ನೆಂಟರಿಗೆ ಅಲಂಕಾರನಾ?"

ಮಾವ ತಲೆ ಕೆರೆದುಕೊಂಡ. ಯೇಸು ಕನ್ನಡಿಯ ಮುಂದೆ ನಿಂತು ತನ್ನ ಮೂಗನ್ನೊಮ್ಮೆ ಮುಟ್ಟಿ ನೋಡಿಕೊಂಡ. ಮೇಣ ಡಬ್ಬಿಗೆ ವಾಪಸ್ ಹೋಯಿತು.

"ಸರಿ ತಾಯಿ, ಮೂಗಿಲ್ದಿದ್ರೆ ಆ ಗುಂಪು ಯಾರು ಅಂತ ತಿಳ್ಕೋಬೇಕು?"

"ನಾವೇ. ಅವತ್ತು ನಾವಿದ್ದಿದ್ರೂ ಕೂಗ್ತಿದ್ವಿ ಅಂತ ಪಾದ್ರಿ ವರ್ಷ ವರ್ಷ ಹೇಳಲ್ವಾ? ನಮ್ಮ ಜನ ಕೂತಲ್ಲಿಂದ್ಲೇ ಕೂಗ್ಲಿ, ನಮ್ಮ ಬಟ್ಟೇಲೇ."

ಬಟ್ಟೆ ಹೊಲಿಸುವ ಕಾಟ ತಪ್ಪಿತೆಂದು ಮಾವ ಒಪ್ಪಿದ. ಪ್ರಾರ್ಥನೆ ಮುಗಿದ ಮೇಲೆ ಕೇಳಿದರೆ ಜನರೂ "ಓಹೋ, ಅದಕ್ಕೇನಂತೆ" ಎಂದು ತಲೆಯಾಡಿಸಿದರು.

ನಾಟಕದ ಸಂಜೆ ಹಾಲ್ ತುಂಬಿತ್ತು. ಕನ್ನಡಕದ ತಾತ ಮೊದಲ ಸಾಲಿನ ಮೂಲೆಯಲ್ಲಿ ಕೂತಿದ್ದರು. ರೋಮನ್ ಅಧಿಕಾರಿ ಪಿಲಾತನಾದ ಬೇಕರಿ ಮಾಲೀಕ ತೋಳು ಬೀಸಿ ಜನರನ್ನು ಕೇಳಿದ: "ಈ ಯೇಸುವನ್ನು ನಾನೇನು ಮಾಡಲಿ?"

'ಶಿಲುಬೆಗೇರಿಸು' ಎಂದು ಎಲ್ಲರೂ ಕೂಗಬೇಕಿತ್ತು. ಒಬ್ಬರೂ ಉಸಿರೆತ್ತಲಿಲ್ಲ.

"ಕೂಗ್ರೀ," ಟೀಚರಮ್ಮ ಗಂಡನನ್ನು ತಿವಿದಳು.

"ನಾನ್ಯಾಕೆ? ನಾನೇನು ಅಂಥವನಾ? ನೀನೇ ಕೂಗು, ಮನೇಲಿ ಚೆನ್ನಾಗಿ ಕೂಗ್ತೀಯಲ್ಲ."

ಹಿಂದಿನ ಸಾಲಿನ ದರ್ಜಿಗೆ ಗಂಟಲು ಕಟ್ಟಿತ್ತಂತೆ. ಹಾಡುವಾಗ ಕಟ್ಟಿರಲಿಲ್ಲ.

ಪಿಲಾತ ಬೆವರುತ್ತಾ ಮತ್ತೊಮ್ಮೆ ಕೇಳಿದ. ಆಗ ಒಂದು ತಲೆ ಮೂಲೆಯತ್ತ ತಿರುಗಿತು. ಆಮೇಲೆ ಇನ್ನೊಂದು. ನೋಡನೋಡುತ್ತಲೇ ಇಡೀ ಹಾಲ್ ತಾತನನ್ನು ನೋಡುತ್ತಿತ್ತು, ಅದು ಅವರದೇ ಮಾತು, ಪಾಪ ಮರೆತುಬಿಟ್ಟಿದ್ದಾರೆ ಎನ್ನುವ ಹಾಗೆ. ತಾತನಿಗೂ ಅರ್ಥವಾಯಿತು. ಅವರ ಕೈ ಕುರ್ಚಿಯ ಕೆಳಗೆ ಟೋಪಿಗಾಗಿ ತಡಕಾಡಿತು.

ಪರದೆಯ ಸಂದಿಯಲ್ಲಿದ್ದ ಹುಡುಗಿ ಅದನ್ನು ನೋಡಿದಳು. ಕೂಗಿದರೆ ಆ ಮಾತು ತನ್ನ ಬಾಯಿಂದಲೇ ತಾತನ ಕಿವಿಗೆ ಬೀಳುತ್ತದೆ. ಕೂಗದಿದ್ದರೆ ತಾತನ ತಲೆಗೇ ಬೀಳುತ್ತದೆ. ಪೌಡರ್ ಮೆತ್ತಿದ ಕೈಯಲ್ಲೇ ಮುಂದೆ ಬಂದಳು.

"ಶಿಲುಬೆಗೇರಿಸು!"

ಅಷ್ಟೂ ತಲೆಗಳು ಅವಳ ಕಡೆ ತಿರುಗಿದವು. "ಅಯ್ಯಯ್ಯೋ, ಇಂಥ ಹುಡುಗಿಯಾ!" ಎಂದಳು ಟೀಚರಮ್ಮ. ತಾತನ ಕೈ ನಿಂತಿತು; ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತರು. ಹುಡುಗಿ ಮತ್ತೆ ಕೂಗಿದಳು. ಜೊತೆಗೆ ಒಬ್ಬರೂ ದನಿಗೂಡಿಸಲಿಲ್ಲ. ಎಲ್ಲರ ಮುಖದಲ್ಲೂ ತಾವು ನಿರಪರಾಧಿಗಳೆಂಬ ಕಳೆ.

ನಿಜ ಹೇಳಿ, ನೀವು ಆ ಹಾಲ್‌ನಲ್ಲಿ ಕೂತಿದ್ದರೆ ಏನು ಮಾಡುತ್ತಿದ್ದಿರಿ?