ಮೌನಪ್ಪನವರು ಕೊರೆದ ತೂತು

ನಮ್ಮ ಯಜಮಾನರು ಮೌನಪ್ಪನವರಿಗೆ ತೂತು ಕಂಡರೆ ಕೈ ಸುಮ್ಮನಿರುವುದಿಲ್ಲ. ರಕ್ಷಣಾ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತೆರಡು ವರ್ಷ ಕಬ್ಬಿಣ ಕೊರೆದು ಬಂದವರು. ನಿವೃತ್ತರಾದ ಮೇಲೆ ತಾರ್ನಾಕದ ನಮ್ಮ ಮನೆಯ ಶವರ್ ಕೊರೆದರು, ಇಡ್ಲಿ ತಟ್ಟೆ ಕೊರೆದರು. ಕೊನೆಗೆ ನನ್ನ ಉಬ್ಬಸದ ಇನ್‌ಹೇಲರನ್ನೂ ಬಿಡಲಿಲ್ಲ, ಮಹಾನುಭಾವರು!

ಅದು ನನಗೆಲ್ಲಿ ಗೊತ್ತು? ಒಂದು ವಾರದಿಂದ ಔಷಧ ಎಳೆದರೆ ನಾಲಿಗೆಯೆಲ್ಲ ಕಹಿ, ಗಂಟಲೆಲ್ಲ ಒದ್ದೆ, ಎದೆ ಮಾತ್ರ ಬಿಗಿದೇ ಇರುತ್ತಿತ್ತು. ಅಡುಗೆಮನೆಯಿಂದ ಹಾಲ್‌ಗೆ ಬರುವಷ್ಟರಲ್ಲಿ ಏದುಸಿರು. ಇವರು ಮಾತ್ರ "ಈಗ ಔಷಧ ಭರ್ತಿ ಬರಾಕತ್ತೈತಲ್ಲ?" ಎಂದು ಹಲ್ಲು ಕಿರಿಯುತ್ತಿದ್ದರು.

ನಮ್ಮ ಡಾಕ್ಟರ್ ಸಂಯುಕ್ತಾ ರಾಯಚೂರು ಕಡೆಯವರು. ಇವರೊಂದಿಗೆ ಅವರ ಬಳಿ ಹೋದೆ. ನನ್ನ ಎದೆ ಪರೀಕ್ಷಿಸಿ ಗಾಬರಿಯಾದರು. "ಹಿಂಗಾದ್ರ ಅಡ್ಮಿಟ್ ಆಗಬೇಕಾಗ್ತದ. ಎಲ್ಲಿ, ನನ್ನ ಮುಂದ ಒಂದ್ಸಲ ತಗೊಳ್ರಿ."

ಒತ್ತಿದೆ. ಮಂಜಿನಂತೆ ಬರಬೇಕಾದ ಔಷಧ ಮದುವೆಮನೆಯ ಪನ್ನೀರಿನಂತೆ ಚಿಮ್ಮಿತು. ಡಾಕ್ಟರ್ ಅದರೊಳಗೆ ಟಾರ್ಚ್ ಬಿಟ್ಟು ನೋಡಿದರು.

"ಇದನ್ನ ಕೊರದವರು ಯಾರ್ರಿ?"

"ನಾನ ರೀ," ಎಂದರು ಇವರು, ಎದೆಯುಬ್ಬಿಸಿ. "ಕಂಪನಿಯವ್ರು ಸೂಜಿಮೊನಿಯಷ್ಟ ತೂತ ಇಟ್ಟಾರ. ಔಷಧ ಹೆಂಗ ಬರಬೇಕು? ಅದಕ್ಕ ಎರಡರಷ್ಟ ಮಾಡೀನಿ."

"ತೂತ ಸಣ್ಣದಿದ್ರನ ಹನಿ ಸಣ್ಣಗ ಒಡದು ಉಸಿರಿನ ಸಂಗಾಟ ಪುಪ್ಪಸಕ್ಕ ಇಳೀತಾವ್ರಿ. ದೊಡ್ಡ ಹನಿ ಗಂಟಲಕ್ಕ ಬಡದು ಅಲ್ಲೇ ಉಳೀತಾವ. ಒಂದು ವಾರ ಇವರ ಎದಿಗೆ ಔಷಧಾನ ಮುಟ್ಟಿಲ್ಲ!"

ಇವರ ಮುಖ ಇಷ್ಟಗಲವಾಗಿದ್ದದ್ದು ಇಷ್ಟೇ ಆಯಿತು. ಡಾಕ್ಟರ್ ಅಲ್ಲೇ ನನಗೆ ಮಾಸ್ಕ್ ಹಾಕಿ ಔಷಧದ ಹೊಗೆ ಕೊಟ್ಟು, ಹೊಸ ಇನ್‌ಹೇಲರ್ ಬರೆದುಕೊಟ್ಟು ಕಳಿಸಿದರು.

ಆಟೋದಲ್ಲಿ ನಾನು ಬಿಡುತ್ತೇನೆಯೇ? "ಸರ್ವಿಸಿನಾಗ ನಾ ಕೊರದ ಒಂದ ಜಾಬೂ ರಿಜೆಕ್ಟ್ ಆಗಿಲ್ಲ ಅಂತಿದ್ರಿ. ಇವತ್ತ ಆತು ನೋಡ್ರಿ!"

ಅವರು ನಗಲಿಲ್ಲ. "ಅವತ್ತ ಮೆಟ್ರೋ ಮೆಟ್ಟಿಲಮ್ಯಾಲ ನೀ ಉಸಿರಿಗೆ ಒದ್ದಾಡಾಕತ್ತಿದ್ದಿ. ನಾ ಬಾಜೂಕ ಚೀಲ ಹಿಡಕೊಂಡು ನಿಂತಿದ್ದೆ. ನನ್ನ ಕೈಲೆ ಏನೂ ಆಗಲಿಲ್ಲ, ಸುಭದ್ರಾ." ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು.

ಸಂಜೆ ಹೊಸ ಇನ್‌ಹೇಲರನ್ನು ಅವರ ಕೈಗೇ ಕೊಟ್ಟೆ. ಒತ್ತುವುದೂ ಎಳೆಯುವುದೂ ಒಟ್ಟಿಗೇ ಆಗಬೇಕು. ನನಗದು ಯಾವಾಗಲೂ ತಪ್ಪುತ್ತದೆ.

"ನೀವು ಒತ್ರಿ, ನಾ ಎಳೀತೀನಿ."

ಅವರು ಒತ್ತಿದರು. ಔಷಧ ಸುಯ್ಯೆಂದು ಒಳಗಿಳಿಯಿತು. ಇನ್ನು ಹತ್ತು ಎಣಿಸುವವರೆಗೆ ಉಸಿರು ಬಿಡಬಾರದು. ಬೆರಳು ಮಡಚಿ ಎಣಿಸಿ, ಹಾಯಾಗಿ ಉಸಿರು ಬಿಟ್ಟು ನೋಡುತ್ತೇನೆ, ಇವರು ಕೆನ್ನೆಯುಬ್ಬಿಸಿಕೊಂಡು ಕೆಂಪಗಾಗಿ ನಿಂತಿದ್ದಾರೆ!

"ಅಯ್ಯ, ನೀವ್ಯಾಕ ಹಿಡದೀರಿ?" ಎಂದೆ. "ಬಿಡ್ರಿ ಇನ್ನ. ನನಗ ಉಸಿರು ಬಂತು."